ಶನಿವಾರದ ಎಂಟೂವರೆ, ಗಿರ್ಮಿಟ್ ಮತ್ತು ಹನ್ನೆರಡು ಕ್ಲಬ್ಬುಗಳು

ಹುಬ್ಬಳ್ಳಿ ಕೇಶ್ವಾಪುರದ ಈ ಅಂಗಡಿಗೆ ಬೋರ್ಡ್ ಇಲ್ಲ. ಇದ್ದದ್ದು ಒಂದು ಮಳೆಗಾಲದ ಗಾಳಿಗೆ ಕಿತ್ತು ಬಂತು. ಅಂಗಡಿ ನಡೆಸುವ ಕಾಕಾ ಅದನ್ನು ಒಳಗೆ ತಂದು ಉಳ್ಳಾಗಡ್ಡಿ ಚೀಲ ಇಡುವ ಹಲಗೆ ಮಾಡಿಕೊಂಡರು. ಹಾಗಾಗಿ ಹೆಸರು ಹೇಳೋಕೆ ಆಗಲ್ಲ. ರೈಲ್ವೆ ಕ್ವಾರ್ಟರ್ಸ್ ಕಡೆಯಿಂದ ಬಂದು "ಫುಟ್ಬಾಲ್ ಅಂಗಡಿ ಎಲ್ಲೈತ್ರಿ?" ಅಂತ ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. ತಗಡಿನ ಮಾಡು, ಮೂರು ಬೆಂಚು, ಐದಾರು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ 32 ಇಂಚಿನ ಟಿವಿ, ಬಾಗಿಲಲ್ಲೇ ಎಣ್ಣೆ ಬಾಣಲೆ. ಹನ್ನೊಂದು ವರ್ಷದಿಂದ ನಾನು ಇಲ್ಲಿ ಶನಿವಾರ ತಪ್ಪಿಸಿದ್ದು ಕಡಿಮೆ. ಮದುವೆ ಮುಂಜಿ ಬಂದರೆ ಬೇರೆ ಮಾತು.

ಮೊದಲು ತಿನ್ನೋ ವಿಷಯ. ಗಿರ್ಮಿಟ್ 30 ರೂಪಾಯಿ, ಮಿರ್ಚಿ ಎರಡಕ್ಕೆ 20, ಚಹಾ 10. ದುರ್ಗದಬೈಲಿನ ಗಿರ್ಮಿಟ್ ತಿಂದು ಬೆಳೆದವನು ನಾನು. ಇದು ಅದಕ್ಕಿಂತ ಮೇಲು ಅಂತ ಹೇಳಿ ಜಗಳ ಹಚ್ಚಿಕೊಳ್ಳಲ್ಲ. ಆದರೆ ಗೊಜ್ಜನ್ನು ಕಾಕಾನ ಹೆಂಡತಿ, ನಮ್ಮ ಕಾಕು, ಮನೆಯಲ್ಲೇ ಕುದಿಸಿ ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತಾರೆ. ಹುಣಸೆಹಣ್ಣು, ಬೆಲ್ಲ ಎರಡೂ ಗೊತ್ತಾಗಬೇಕು, ಒಂದು ಇನ್ನೊಂದನ್ನು ನುಂಗಬಾರದು. ಅದು ಇಲ್ಲಿ ಸರಿಯಾಗಿದೆ. ಪುಟಾಣಿ ಹಿಟ್ಟನ್ನು ಕೈಬಿಚ್ಚಿ ಹಾಕುತ್ತಾರೆ. ಒಂದೇ ತೊಂದರೆ ಅಂದರೆ, ಚುರಮುರಿ ಕಲಸಿದ ಮೂರು ನಿಮಿಷದೊಳಗೆ ತಿನ್ನಬೇಕು, ಇಲ್ಲಾಂದ್ರೆ ಮೆತ್ತಗಾಗುತ್ತದೆ. ಪೆನಾಲ್ಟಿ ಹೊತ್ತಿಗೆ ಪ್ಲೇಟು ಕೈಗೆ ಬಂತು ಅಂದರೆ ಆ ಗಿರ್ಮಿಟ್ ಕೆಟ್ಟಿತು ಅಂತಲೇ ಲೆಕ್ಕ. ವಿಡಿಯೊ ನೋಡಿ ತೀರ್ಪು ಕೊಡೋದು ಶುರುವಾದ ಮೇಲಂತೂ ಎಷ್ಟು ಪ್ಲೇಟು ಹಾಳಾಗಿವೆಯೋ ಲೆಕ್ಕ ಇಟ್ಟವರಿಲ್ಲ.

ಮಿರ್ಚಿ ಚೆನ್ನಾಗಿದೆ. ಎರಡನೇ ಘಾಣ ತಗೊಳ್ಳಿ. ಮೊದಲನೆಯದರಲ್ಲಿ ಎಣ್ಣೆ ಇನ್ನೂ ಸರಿಯಾಗಿ ಕಾದಿರುವುದಿಲ್ಲ.

ಈಗ ಕೊರತೆಗಳು. ಟ್ಯೂಬ್‌ಲೈಟ್ ಟಿವಿಯ ಎಡಮೂಲೆಯಲ್ಲಿ ಹೊಳೆಯುತ್ತದೆ. ಅಲ್ಲಿ ಕಾರ್ನರ್ ಹೊಡೆದರೆ ಹೊಡೆದವನು ಕಾಣಲ್ಲ, ಚೆಂಡು ಮಾತ್ರ ಬೆಳಕಿನಿಂದ ಹುಟ್ಟಿ ಬರುತ್ತದೆ. ಹಿಂದಿನ ಮನೆಯವರಿಗೆ ತೊಂದರೆ ಆಗಬಾರದು ಅಂತ ಒಂಬತ್ತರ ಮೇಲೆ ಟಿವಿ ಸದ್ದು ಬಂದ್. ಮ್ಯಾಚ್ ಬರೋದು ಕಾಕಾನ ಮಗನ ಫೋನಿನ ಆ್ಯಪ್‌ನಿಂದ. ಅದು ನಿಜವಾದ ಆಟಕ್ಕಿಂತ ಅರ್ಧ ನಿಮಿಷ ಹಿಂದೆ ಓಡುತ್ತಿರುತ್ತದೆ. ಅದಕ್ಕೆ ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮ: ಮೊಬೈಲಿನಲ್ಲಿ ಸ್ಕೋರ್ ನೋಡಿ ಮೊದಲೇ ಕೂಗಿದವನು ಎಲ್ಲರಿಗೂ ಚಹಾ ಕುಡಿಸಬೇಕು. ನಾನು ಎರಡು ಸಲ ಕುಡಿಸಿದ್ದೇನೆ. ಶೌಚಾಲಯ ಇಲ್ಲ. ಹೆಣ್ಣುಮಕ್ಕಳು ಬರೋದು ಅಪರೂಪ. ನನ್ನ ಮಗಳು ಒಮ್ಮೆ ಬಂದಿದ್ದಳು, "ಫ್ಯಾನ್ ಒಂದೇ ಐತೆಲ್ಲಪ್ಪಾ" ಅಂತ ಹೇಳಿ ಎರಡನೇ ಅರ್ಧಕ್ಕೆ ಮನೆಗೆ ಹೋದಳು.

ಇಷ್ಟೆಲ್ಲ ಇದ್ದೂ ಯಾಕೆ ಹೋಗ್ತೀನಿ? ಶನಿವಾರದ ಎಂಟೂವರೆಗೋಸ್ಕರ.

ಇಂಗ್ಲೆಂಡಿನ ಮಧ್ಯಾಹ್ನ ಮೂರು ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ ಎಂಟೂವರೆ, ಅವರ ಬೇಸಿಗೆಯಲ್ಲಿ ಏಳೂವರೆ. ಅಲ್ಲಿ ಒಂದು ಹಳೇ ಕಟ್ಟಳೆ ಇದೆ. ಶನಿವಾರ ಮಧ್ಯಾಹ್ನ ಎರಡೂ ಮುಕ್ಕಾಲರಿಂದ ಐದೂ ಕಾಲರವರೆಗೆ ಅವರ ದೇಶದ ಟಿವಿಯಲ್ಲಿ ಮ್ಯಾಚ್ ನೇರವಾಗಿ ತೋರಿಸುವ ಹಾಗಿಲ್ಲ. ದೊಡ್ಡ ಟೀಮಿನ ಆಟ ಟಿವಿಯಲ್ಲಿ ಬಂದರೆ ಸಣ್ಣ ಊರಿನ ಮೈದಾನಕ್ಕೆ ಟಿಕೆಟ್ ತಗೊಂಡು ಯಾರು ಹೋಗ್ತಾರೆ ಅನ್ನೋ ಚಿಂತೆಗೆ 1960ರ ದಶಕದಲ್ಲಿ ಬಂದ ಪದ್ಧತಿ. ಹಾಗಾಗಿ ಲಿವರ್‌ಪೂಲಿನಲ್ಲೇ ಇರುವವನಿಗೆ ಟಿವಿಯಲ್ಲಿ ಸಿಗದ ಲಿವರ್‌ಪೂಲ್ ಮ್ಯಾಚ್ ನನಗೆ ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಜೊತೆ ಸಿಗುತ್ತದೆ. ಇದು ನ್ಯಾಯವೋ ಅನ್ಯಾಯವೋ, ನಮಗಂತೂ ಹಬ್ಬ.

ಹೌದು, ನಾನು ಲಿವರ್‌ಪೂಲ್ ಕಡೆಯವನು. 2005ರ ಮೇ ತಿಂಗಳಲ್ಲಿ, ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗಿನ ಫೈನಲ್ ಇಸ್ತಾಂಬುಲ್‌ನಲ್ಲಿ ನಡೆದ ಆ ರಾತ್ರಿಯಿಂದ. ಎಸಿ ಮಿಲಾನ್ ಅರ್ಧಕ್ಕೆ ಮೂರು ಗೋಲು ಮುಂದಿತ್ತು. ನಾನು ಟಿವಿ ಆರಿಸಿ ಮಲಗಲು ಹೊರಟಿದ್ದೆ, ನೀರು ಕುಡಿಯೋಕೆ ಎದ್ದವನು ಮತ್ತೆ ಹಾಕಿದೆ. ಮೂರೂ ಗೋಲು ತೀರಿಸಿ ಲಿವರ್‌ಪೂಲ್ ಕಪ್ ಗೆದ್ದಿತು. ಅಲ್ಲಿಂದ ಇಲ್ಲಿಯವರೆಗೆ ಬಿಟ್ಟಿಲ್ಲ. ಕಾಕಾ ಲೆಸ್ಟರ್ ಕಡೆಯವರು. 2015-16ರಲ್ಲಿ ಐದು ಸಾವಿರಕ್ಕೆ ಒಂದು ಅಂತ ಬಾಜಿ ಕಟ್ಟಿಸಿಕೊಂಡಿದ್ದ ಟೀಮು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಾಗ ಅವರಿಗೆ ಪ್ರೀತಿ ಹತ್ತಿತು. ಜೆರ್ಸಿಯ ಮೇಲೆ ನರಿ ಇರೋದೂ ಒಂದು ಕಾರಣ ಅಂತಾರೆ. ಏಳು ವರ್ಷ ಕಳೆದು, 2023ರಲ್ಲಿ, ಅದೇ ಟೀಮು ಪಟ್ಟಿಯ ಕೊನೆಯ ಮೂರರಲ್ಲಿ ಉಳಿದು ಕೆಳಗಿನ ಲೀಗಿಗೆ ಬಿತ್ತು. ಆ ದಿನ ಕಾಕಾ ಬಾಣಲೆ ಮುಂದೆ ಸುಮ್ನೆ ನಿಂತಿದ್ದರು. ನಾನೇನೋ ಸಮಾಧಾನ ಹೇಳೋಕೆ ಹೋದೆ. "ಇರ್ಲಿ ಬಿಡೋ ತಮ್ಮಾ. ಏರಿದಾಂವ ಇಳೀತಾನ. ಮತ್ತ ಏರ್ತಾನ" ಅಂದರು. ಮರುವರ್ಷ ಏರಿತು. ಅದರ ಮರುವರ್ಷ ಮತ್ತೆ ಇಳಿಯಿತು. ಕಾಕಾ ಎರಡು ಸಲವೂ ಚಹಾ ಬೆಲೆ ಏರಿಸಲಿಲ್ಲ, ಇಳಿಸಲೂ ಇಲ್ಲ.

ಈ ಅಂಗಡಿಯ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು 2021ರ ಏಪ್ರಿಲ್‌ನಲ್ಲಿ. ಕೊರೊನಾದ ಎರಡನೇ ಅಲೆ ಏರುತ್ತಿದ್ದ ದಿನಗಳು. ಏಪ್ರಿಲ್ 18, ಭಾನುವಾರ ತಡರಾತ್ರಿ ಸುದ್ದಿ ಬಂತು. ಯುರೋಪಿನ ಹನ್ನೆರಡು ದೊಡ್ಡ ಕ್ಲಬ್ಬುಗಳು ಸೇರಿ ತಮ್ಮದೇ ಸೂಪರ್ ಲೀಗ್ ಮಾಡುತ್ತಿವೆ. ಇಂಗ್ಲೆಂಡಿನ ಆರು, ಸ್ಪೇನಿನ ಮೂರು, ಇಟಲಿಯ ಮೂರು. ಒಟ್ಟು ಇಪ್ಪತ್ತು ಟೀಮು, ಅದರಲ್ಲಿ ಸ್ಥಾಪಕರು ಹದಿನೈದು. ಆ ಹದಿನೈದಕ್ಕೆ ಸೋತರೂ ಜಾಗ ಖಾಯಂ. ಉಳಿದ ಐದು ಜಾಗಕ್ಕೆ ಮಿಕ್ಕ ಯುರೋಪೆಲ್ಲ ಬಡಿದಾಡಬೇಕು. ಜೆಪಿ ಮೋರ್ಗನ್ ಬ್ಯಾಂಕ್ ದುಡ್ಡು ಹಾಕುತ್ತದೆ, ಸ್ಥಾಪಕರಿಗೆ ಶುರುವಿಗೇ ಮೂರೂವರೆ ಬಿಲಿಯನ್ ಯೂರೊ. ಅಧ್ಯಕ್ಷ ರಿಯಲ್ ಮ್ಯಾಡ್ರಿಡ್‌ನ ಫ್ಲೊರೆಂಟಿನೊ ಪೆರೆಜ್. ಪಟ್ಟಿಯಲ್ಲಿ ಲಿವರ್‌ಪೂಲ್ ಹೆಸರೂ ಇತ್ತು.

ಸೋಮವಾರ ಸಂಜೆ ಮಾಸ್ಕ್ ಹಾಕಿಕೊಂಡು ಅಂಗಡಿಗೆ ಹೋದೆ. ಇದ್ದವರು ನಾಲ್ಕೇ ಜನ, ದೂರ ದೂರ ಕೂತಿದ್ದೆವು. ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯ ಒಬ್ಬ ಗೆಳೆಯ, ಆರ್ಸೆನಲ್‌ನ ಒಬ್ಬ ಪಿಯುಸಿ ಹುಡುಗ, ನಾನು, ಕಾಕಾ. ಮೂವರ ಟೀಮೂ ಪಟ್ಟಿಯಲ್ಲಿ. ಕಾಕಾನದ್ದು ಇಲ್ಲ. ಕಾಕಾಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಚಿಕ್ಕವರಿದ್ದಾಗ ಗರಡಿಗೆ ಹೋಗಿ ಮಣ್ಣು ಮೆತ್ತಿಕೊಂಡವರು. ಕೇಳಿ ಒಂದೇ ಮಾತು ಅಂದರು: "ಬೀಳೂದೇ ಇಲ್ಲಂದ್ರ ಅದೆಂಥಾ ಕುಸ್ತೀಪಾ? ಜಾತ್ರ್ಯಾಗ ಬೆಳ್ಳಿ ಕಡಗ ಮೊದ್ಲ ಹಂಚಿಕೊಂಡು ಆಮ್ಯಾಲ ಕಣಕ್ಕ ಇಳದಂಗಾತು."

ಅವತ್ತು ರಾತ್ರಿ ಹನ್ನೆರಡೂವರೆಗೆ ಲೀಡ್ಸ್ ಜೊತೆ ಲಿವರ್‌ಪೂಲ್ ಮ್ಯಾಚ್. ಮನೆಯಲ್ಲಿ ಫೋನಿನಲ್ಲಿ ನೋಡಿದೆ. ಲೀಡ್ಸ್ ಹುಡುಗರು ಆಟಕ್ಕೆ ಮುಂಚೆ ಟಿ-ಶರ್ಟ್ ಹಾಕಿಕೊಂಡು ಬಂದರು. ಚಾಂಪಿಯನ್ಸ್ ಲೀಗ್ ಬೇಕಾ, ಮೈದಾನದಲ್ಲಿ ಗಳಿಸಿ ಅನ್ನೋ ಅರ್ಥದ ಬರಹ. ನಾವು ಒಂದು ಗೋಲು ಮುಂದಿದ್ದೆವು. 87ನೇ ನಿಮಿಷಕ್ಕೆ ಲೀಡ್ಸ್‌ನ ಯೊರೆಂಟೆ ತಲೆಯಿಂದ ಹೊಡೆದು ಸಮ ಮಾಡಿದ. ನನ್ನ ಟೀಮು ಗೋಲು ಬಿಟ್ಟಾಗ ನನಗೆ ಬೇಜಾರಾಗದೇ ಇದ್ದದ್ದು ಅದೊಂದೇ ಸಲ. ಮ್ಯಾಚ್ ಮುಗಿದ ಮೇಲೆ ನಮ್ಮ ಜೇಮ್ಸ್ ಮಿಲ್ನರ್ ಟಿವಿಯ ಮುಂದೆ ನಿಂತು, ನನಗಿದು ಇಷ್ಟ ಇಲ್ಲ, ಇದು ಆಗದಿರಲಿ ಅಂತ ಹೇಳಿಬಿಟ್ಟ. ಆಗ ನಿದ್ದೆ ಬಂತು.

ಮರುದಿನ ಲಂಡನ್ನಿನಲ್ಲಿ ಚೆಲ್ಸಿ ಅಭಿಮಾನಿಗಳು ತಮ್ಮ ಕ್ಲಬ್ಬಿನ ಗೇಟ್ ಮುಂದೆಯೇ ರಸ್ತೆ ತಡೆದರು. ಮಂಗಳವಾರ ರಾತ್ರಿಯೊಳಗೆ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಲಿವರ್‌ಪೂಲಿನ ಮಾಲೀಕ ಜಾನ್ ಹೆನ್ರಿ ವಿಡಿಯೊ ಮಾಡಿ ಕ್ಷಮೆ ಕೇಳಿದರು. ಮೇ 2ಕ್ಕೆ ಯುನೈಟೆಡ್ ಅಭಿಮಾನಿಗಳು ಓಲ್ಡ್ ಟ್ರಾಫರ್ಡ್ ಮೈದಾನಕ್ಕೇ ನುಗ್ಗಿದರು, ಲಿವರ್‌ಪೂಲ್ ಜೊತೆಗಿನ ಆಟವೇ ಮುಂದಕ್ಕೆ ಹೋಯಿತು. ಅಷ್ಟೊತ್ತಿಗೆ ನಮ್ಮಲ್ಲಿ ಲಾಕ್‌ಡೌನ್, ಅಂಗಡಿ ಬಂದ್. ಯುನೈಟೆಡ್ ಗೆಳೆಯನಿಗೆ ಫೋನ್ ಹಚ್ಚಿ "ಶಭಾಷ್ ಲೇ" ಅಂದೆ. ಜೀವಮಾನದಲ್ಲಿ ಅವನಿಗೆ ಹಾಗಂದದ್ದು ಅದೇ ಮೊದಲು.

ನನ್ನನ್ನು ಕೆರಳಿಸಿದ್ದು ಇನ್ನೊಂದು ವಿಷಯ. ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಒಂದು ಮಾತು ಓಡಾಡಿತು. ಅಲ್ಲಿಯ ಊರವರು, ಅಪ್ಪ ಅಜ್ಜನ ಕಾಲದಿಂದ ಸ್ಟೇಡಿಯಂಗೆ ಹೋಗುವವರು, ಹಳೇ ಅಭಿಮಾನಿಗಳಂತೆ. ದೂರ ದೇಶದಲ್ಲಿ ಟಿವಿ ನೋಡುವವರು ಮುಂದಿನ ಕಾಲದ ಅಭಿಮಾನಿಗಳಂತೆ. ಅವರಿಗೆ ಬರೀ ದೊಡ್ಡ ದೊಡ್ಡ ಹೆಸರು ಸಾಕಂತೆ. ಅಂದರೆ ನಾವೇ! ಕೇಶ್ವಾಪುರದ ತಗಡಿನ ಮಾಡಿನ ಕೆಳಗೆ ಕೂತ ನಾವು. ಈ ಎಲ್ಲ ಗದ್ದಲ ನಮ್ಮ ಹೆಸರಿನಲ್ಲಿ. ನಮ್ಮನ್ನು ಯಾರು ಕೇಳಿದ್ದರು? ಅಲ್ಲಿಯವರಿಗಾದರೂ ಹೋಗಿ ನಿಲ್ಲೋಕೆ ಒಂದು ಗೇಟ್ ಇದೆ. ನಾವು ಎಲ್ಲಿ ಹೋಗಿ ನಿಲ್ಲಬೇಕು? ಪ್ರಪಂಚದ ಅತಿ ಉದ್ದದ ಪ್ಲಾಟ್‌ಫಾರ್ಮ್ ನಮ್ಮೂರಲ್ಲೇ ಇದೆ, 1507 ಮೀಟರ್. ಅದರ ತುಂಬ ನಿಂತು ಕೂಗಿದರೂ ಲಂಡನ್ನಿಗೆ ಕೇಳಲ್ಲ.

ನಮಗೇನು ಬೇಕು ಅಂತ ಗೊತ್ತಾಗಬೇಕಿದ್ದರೆ ಕಾಕಾನ ಗಲ್ಲಾಪೆಟ್ಟಿಗೆ ನೋಡಬೇಕು. ಒಮ್ಮೆ ಅವರೇ ಹೇಳಿದರು. "ದೊಡ್ಡ ಮ್ಯಾಚಿನ ದಿನ ಮಂದಿ ಜಾಸ್ತಿ, ಯಾಪಾರ ಕಮ್ಮಿ. ಉಸಿರು ಬಿಗಿ ಹಿಡದು ಕುಂದರ್ತಾರ. ಒಂದು ಚಹಾದಾಗ ತೊಂಬತ್ತು ನಿಮಿಷ ಕಳೀತಾರ. ಬರ್ನ್ಲಿನೋ ಪಾಲೇಸೋ ಆಡೂ ದಿನ ನಕ್ಕೋತ ಮಾತಾಡ್ಕೋತ ಎರಡೆರಡು ಪ್ಲೇಟು ತಿಂತಾರ." ನಾನು ಆಮೇಲೆ ಗಮನಿಸಿದೆ, ನಿಜ. ದೊಡ್ಡ ಆಟ ಅಪರೂಪಕ್ಕೆ ಬಂದರೆ ಉಸಿರು ಹಿಡಿಯಬಹುದು. ಪ್ರತಿ ವಾರ ಹಿಡಿಯೋಕಾಗುತ್ತಾ?

ಇನ್ನೊಂದು, ಸೂಪರ್ ಲೀಗಿನ ಆಟ ಇಟ್ಟದ್ದು ವಾರದ ನಡುವೆ. ಯುರೋಪಿನಲ್ಲಿ ವಾರದ ನಡುವಿನ ರಾತ್ರಿ ಆಟ ಅಂದರೆ ನಮಗೆ ಹನ್ನೆರಡೂವರೆ, ಇಲ್ಲ ಒಂದೂವರೆ. ಕಾಕಾ ಹನ್ನೊಂದಕ್ಕೆ ಬಾಗಿಲು ಎಳೀತಾರೆ. ನಮ್ಮ ಶನಿವಾರ ಭಾನುವಾರದ ಲೀಗ್ ಹಾಗೇ ಇರುತ್ತದೆ ಅಂತ ಸೂಪರ್ ಲೀಗಿನವರು ಹೇಳಿದ್ದರು, ಸರಿ. ಆದರೆ ಚಾಂಪಿಯನ್ಸ್ ಲೀಗಿಗೆ ಹೋಗೋಕೆ ಮೊದಲ ನಾಲ್ಕರೊಳಗೆ ಬರಬೇಕು ಅನ್ನೋ ಹಸಿವೇ ಇಲ್ಲದಿದ್ದರೆ ಆ ಆಟ ಯಾರಿಗೆ ಬೇಕು? ಜಾಗ ಖಾಯಂ ಆದವನು ಶನಿವಾರ ಮೀಸಲು ಆಟಗಾರರನ್ನು ಇಳಿಸಿ ಬುಧವಾರಕ್ಕೆ ಕಾಲು ಉಳಿಸಿಕೊಳ್ಳುತ್ತಾನೆ. ನಮ್ಮ ಎಂಟೂವರೆ ಅಲ್ಲಿಗೆ ಮುಗೀತು.

ಇದು ಸುಮ್ನೆ ಹೆದರಿಕೆ ಅಂತ ಹೇಳುವವರಿಗೆ ನಮ್ಮಪ್ಪನನ್ನು ತೋರಿಸುತ್ತೇನೆ.

ಅಪ್ಪ ರೈಲ್ವೆ ಗಾರ್ಡ್ ಆಗಿದ್ದರು, ಹುಬ್ಬಳ್ಳಿ-ಲೋಂಡಾ-ವಾಸ್ಕೋ ಮಾರ್ಗ. ಡ್ಯೂಟಿ ಮುಗಿದು ಗೋವಾದಲ್ಲಿ ವಿಶ್ರಾಂತಿ ಸಿಕ್ಕಾಗ ಫುಟ್ಬಾಲ್ ನೋಡೋಕೆ ಹೋಗುವವರು. ಅವರ ಟೀಮು ಸಾಲ್ಗಾಂವ್ಕರ್, ವಾಸ್ಕೋದ್ದು. ನನ್ನನ್ನೂ ಎರಡು ಸಲ ಮಡಗಾಂವ್‌ನ ಫಾತೋರ್ಡಾ ಸ್ಟೇಡಿಯಂಗೆ ಕರೆದುಕೊಂಡು ಹೋಗಿದ್ದರು. ಆಟಕ್ಕಿಂತ ದೂದ್‌ಸಾಗರದ ಸುರಂಗಗಳೇ ನನಗೆ ಹೆಚ್ಚು ನೆನಪು. ಆ ಟೀಮಿನ ಬ್ರೂನೊ ಕುಟಿನ್ಹೊ ಹೆಸರು ಮನೆಯಲ್ಲಿ ದೇವರ ಹೆಸರಿನ ಹಾಗೆ ಕೇಳಿಬರುತ್ತಿತ್ತು. 1998-99ರಲ್ಲಿ ಸಾಲ್ಗಾಂವ್ಕರ್ ನ್ಯಾಷನಲ್ ಲೀಗ್ ಗೆದ್ದಾಗ ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. ಓಣಿಯವರಿಗೆ ಯಾಕೆ ಅಂತ ಕೊನೆಗೂ ಗೊತ್ತಾಗಲಿಲ್ಲ. ಅದರ ಬದಲು ಬಂದ ಐ-ಲೀಗನ್ನೂ 2010-11ರಲ್ಲಿ ಗೆದ್ದರು.

ಆಮೇಲೆ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂತು. ಎಂಟು ಹೊಸ ತಂಡ, ಸಿನಿಮಾ ನಟರು, ಪಟಾಕಿ. ಅಲ್ಲಿ ಕೆಳಗೆ ಬೀಳುವ ಮಾತೇ ಇರಲಿಲ್ಲ. ಗೆದ್ದು ಒಳಗೆ ಬರುವ ದಾರಿಯೂ ಆಗ ಇರಲಿಲ್ಲ. ಹಳೇ ಐ-ಲೀಗನ್ನು ಎರಡನೇ ಹಂತಕ್ಕೆ ಇಳಿಸುವ ಯೋಜನೆ ಮುಂದೆ ಬಂದಾಗ, 2016ರಲ್ಲಿ, ಗೋವಾದ ಮೂರು ಕ್ಲಬ್ಬುಗಳು ಅದನ್ನು ವಿರೋಧಿಸಿ ಐ-ಲೀಗಿನಿಂದಲೇ ಹೊರಬಂದವು. ಡೆಂಪೊ, ಸ್ಪೋರ್ಟಿಂಗ್ ಕ್ಲಬ್, ಸಾಲ್ಗಾಂವ್ಕರ್. ಡೆಂಪೊ ಅಂದರೆ ಐದು ಸಲ ದೇಶದ ಚಾಂಪಿಯನ್. ಐ-ಲೀಗ್ ಗೆದ್ದು ಮೇಲೆ ಹೋಗುವ ಬಾಗಿಲು ತೆರೆದದ್ದು ಪಂಜಾಬ್ ತಂಡಕ್ಕೆ, 2023ರಲ್ಲಿ. ಅಷ್ಟು ವರ್ಷ ಯಾರು ಕಾಯ್ತಾರೆ? ಅಪ್ಪ ಕಾಯಲಿಲ್ಲ. ಬೇರೆ ಟೀಮನ್ನೂ ಹಿಡಿಯಲಿಲ್ಲ. ಪೇಪರಿನ ಆಟದ ಪುಟ ಬಿಟ್ಟು ಓದೋಕೆ ಶುರು ಮಾಡಿದರು.

ಹುಡುಗರು ಇದನ್ನು ಒಪ್ಪಲ್ಲ. ಆರ್ಸೆನಲ್ ಹುಡುಗ ಈಗ ಇಂಜಿನಿಯರಿಂಗ್ ಮುಗಿಸಿದ್ದಾನೆ, ಬೆಂಗಳೂರು ಎಫ್‌ಸಿಯ ಭಕ್ತ. ಅವನ ವಾದ: ಬೆಂಗಳೂರು ಎಫ್‌ಸಿ ಐ-ಲೀಗ್ ಎರಡು ಸಲ ಗೆದ್ದಿತ್ತು, 2017ರಲ್ಲಿ ಬಿಡ್ ಹಾಕಿ ಇಂಡಿಯನ್ ಸೂಪರ್ ಲೀಗಿಗೆ ಹೋಯಿತು, ಅದಕ್ಕೇ ನಮಗೆ ಮನೆಯಲ್ಲಿ ಕೂತು ನೋಡೋಕೆ ಸಿಕ್ಕಿತು, ತಪ್ಪೇನು ಅಣ್ಣಾ? ತಪ್ಪಿಲ್ಲ. ಆದರೆ 2025ರ ಜುಲೈನಲ್ಲಿ ಲೀಗ್ ನಡೆಸುವ ಒಪ್ಪಂದ ನವೀಕರಣ ಆಗಲಿಲ್ಲ ಅಂತ ಅದೇ ಲೀಗನ್ನು ತಡೆಹಿಡಿದಾಗ ಇದೇ ಹುಡುಗ ಒಂದು ತಿಂಗಳು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ. ಒಪ್ಪಂದದ ಮೇಲೆ ಕಟ್ಟಿದ್ದು ಒಪ್ಪಂದದ ಜೊತೆಗೇ ಅಲುಗಾಡುತ್ತದೆ, ಅಲ್ವಾ?

ಯುರೋಪಿನ ಕತೆಯೂ 2021ಕ್ಕೆ ಮುಗಿಯಲಿಲ್ಲ. 2023ರ ಡಿಸೆಂಬರ್ 21ಕ್ಕೆ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಹೊಸ ಟೂರ್ನಿಗೆ ಮೊದಲು ತಮ್ಮ ಅಪ್ಪಣೆ ಬೇಕು ಅಂತ ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾ, ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್ಎ ಹಾಕಿದ್ದ ನಿಯಮಗಳು ಕಾನೂನಿಗೆ ಸರಿಯಿಲ್ಲ ಅಂದಿತು. ಸೂಪರ್ ಲೀಗಿಗೆ ಒಪ್ಪಿಗೆ ಕೊಡಲೇಬೇಕು ಅಂತ ಮಾತ್ರ ಹೇಳಲಿಲ್ಲ. ಮುಂದಿನ ಡಿಸೆಂಬರ್‌ಗೆ ಹೊಸ ಹೆಸರು ಬಂತು, ಯುನಿಫೈ ಲೀಗ್. 96 ಕ್ಲಬ್ಬು, ನಾಲ್ಕು ಹಂತ. ಜಾಹೀರಾತು ನೋಡಿದರೆ ಸಾಕು, ಮ್ಯಾಚ್ ಪುಕ್ಕಟೆ ತೋರಿಸುತ್ತೇವೆ ಅಂದರು. ಇದನ್ನು ಕೇಳಿ ಕಾಕಾನ ಮಗ ಕಿವಿ ನೆಟ್ಟಗೆ ಮಾಡಿದ. ಆ್ಯಪ್‌ಗಳಿಗೆ ದುಡ್ಡು ಕಟ್ಟುವವನು ಅವನೇ. ಪ್ರೀಮಿಯರ್ ಲೀಗಿಗೆ ಒಂದು, ಚಾಂಪಿಯನ್ಸ್ ಲೀಗಿಗೆ ಇನ್ನೊಂದು. ಅವನ ಕಷ್ಟ ನನಗೆ ಅರ್ಥವಾಗುತ್ತದೆ. ಪುಕ್ಕಟೆ ಅನ್ನೋದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಯುಇಎಫ್ಎ ಏನು ಸಾಚಾ ಅಂತಲ್ಲ. 2024ರಿಂದ ಚಾಂಪಿಯನ್ಸ್ ಲೀಗಿಗೆ 36 ಟೀಮು ಮಾಡಿ ಆಟದ ಸಂಖ್ಯೆಯನ್ನು 125ರಿಂದ 189ಕ್ಕೆ ಏರಿಸಿದವರು ಅವರೇ. ಆಟಗಾರರು ಕುಂಟುತ್ತಾರೆ, ನಾವು ಆಕಳಿಸುತ್ತೇವೆ. ಇಂಗ್ಲೆಂಡ್ ಮಾತ್ರ 2025ರಲ್ಲಿ ಕಾನೂನೇ ಮಾಡಿತು. ಫುಟ್ಬಾಲ್‌ಗೆ ಒಬ್ಬ ಸ್ವತಂತ್ರ ನಿಯಂತ್ರಕ, ಇಂಥ ಬೇರ್ಪಟ್ಟ ಲೀಗಿಗೆ ಅಲ್ಲಿಯ ಕ್ಲಬ್ಬು ಹಾರಿ ಹೋಗದ ಹಾಗೆ ತಡೆ. ಅದಕ್ಕೆ ಮುಂಚೆಯೇ ಆ ಆರು ಕ್ಲಬ್ಬುಗಳು ಒಟ್ಟು 2.2 ಕೋಟಿ ಪೌಂಡ್ ಕೊಟ್ಟು, ಮತ್ತೆ ಹೀಗೆ ಮಾಡಿದರೆ 30 ಪಾಯಿಂಟ್ ಕಳೆದುಕೊಳ್ಳುತ್ತೇವೆ ಅಂತ ಒಪ್ಪಿಕೊಂಡಿದ್ದವು. ಕಾಕಾಗೆ ಹೇಳಿದೆ. "ಮೂವತ್ತು ಪಾಯಿಂಟ್ ಹೋದ್ರ ಬೀಳ್ತಾರಿಲ್ಲೋ?" ಅಂದರು. ಬೀಳಬಹುದು ಅಂದೆ. "ಹಂಗಾದ್ರ ಚಲೋ" ಅಂತ ಹೇಳಿ ಮಿರ್ಚಿ ತಿರುವಿದರು.

ಇನ್ನು ಅಂಕ. ರುಚಿಗೆ ಐದರಲ್ಲಿ ನಾಲ್ಕು. ಟಿವಿಗೆ ಎರಡು. ಫ್ಯಾನಿಗೆ ಒಂದು, ಅದೂ ತಿರುಗುವಾಗ. ಕೂತವರಿಗೆ ಐದು. ಕುಟುಂಬ ಸಮೇತ ಬರುವವರು ಸಂಜೆ ಆರರ ಮ್ಯಾಚಿಗೆ ಬನ್ನಿ, ಗದ್ದಲ ಕಡಿಮೆ. ಎಂಟೂವರೆಗೆ ಬರೋದಾದರೆ ಎಂಟಕ್ಕೇ ಬಂದು ಜಾಗ ಹಿಡಿಯಿರಿ. ಧಾರವಾಡದಿಂದ ಬರುವವರು ವಾಪಸ್ ಚಿಗರಿ ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ, ಹೆಚ್ಚುವರಿ ಸಮಯ ಎಷ್ಟು ಕೊಡ್ತಾರೋ ಹೇಳೋಕಾಗಲ್ಲ. ದುಡ್ಡು ಚಿಲ್ಲರೆ ತನ್ನಿ. ಫೋನಿನಲ್ಲಿ ಕಟ್ಟಬಹುದು, ಆದರೆ ಆ ಫೋನಿನಲ್ಲೇ ಮ್ಯಾಚ್ ಓಡುತ್ತಿರುತ್ತದೆ. ದುಡ್ಡು ಬಂತು ಅಂತ ಅದು ಹೇಳಿದಾಗೆಲ್ಲ ಚಿತ್ರ ನಿಲ್ಲುತ್ತದೆ, ಎಲ್ಲರೂ ನಿಮ್ಮನ್ನೇ ನೋಡುತ್ತಾರೆ.

ಬಾಗಿಲ ಪಕ್ಕದ ಸಣ್ಣ ಬೆಂಚು ಖಾಲಿ ಇದ್ದರೂ ಕೂರಬೇಡಿ. ಹೋದ ವರ್ಷದಿಂದ ಅಪ್ಪ ಬರುತ್ತಾರೆ. ಟಿವಿಗೆ ಅರ್ಧ ಬೆನ್ನು ಮಾಡಿ, ರಸ್ತೆ ನೋಡಿಕೊಂಡು ಕೂರುತ್ತಾರೆ. ಗಿರ್ಮಿಟ್‌ಗೆ ಖಾರ ಕಡಿಮೆ ಹಾಕಿಸಿಕೊಳ್ಳುತ್ತಾರೆ. ಆಟ ಶುರುವಾಗುವಾಗ ಒಂದೇ ಪ್ರಶ್ನೆ ಕೇಳುತ್ತಾರೆ: "ಇವತ್ತ ಸಣ್ಣ ಟೀಮ್ ಯಾವುದೋ?" ಹೇಳಿದರೆ ತಲೆಯಾಡಿಸುತ್ತಾರೆ. ಹೋದ ತಿಂಗಳು ಆ ಸಣ್ಣ ಟೀಮು ನನ್ನ ಲಿವರ್‌ಪೂಲಿಗೆ ಗೋಲು ಹೊಡೆಯಿತು. ರಸ್ತೆ ಕಡೆಗಿದ್ದ ಮುಖ ತಿರುಗಿತು. ರಿಪ್ಲೇ ಪೂರ್ತಿ ನೋಡಿದರು, ಆಮೇಲೆ ಇನ್ನೊಂದು ಪ್ಲೇಟು ಹೇಳಿದರು.